ರೇರಾ ನಂಬರ್ ಇದೆ ಸರ್, ಸೇಫಾ? ಠಾಕುರ್ಲಿಯ ಒಂದು ಸೈಟಿನ ಹಿಂದಿರೋ ನೂರು ವರ್ಷದ ಕಥೆ

ಹೋದ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಟೈಮ್ ಸಾಲದೆ ಓಡಿಸಿಬಿಟ್ಟ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬರೆದಿದ್ದೀನಿ. ಓದೋಕೆ ಹತ್ತು ನಿಮಿಷ ಬೇಕು. ಠಾಕುರ್ಲಿಯಿಂದ ಠಾಣೆ ತಲುಪೋದ್ರೊಳಗೆ ಮುಗಿಯುತ್ತೆ, ಕೂರೋಕೆ ಜಾಗ ಸಿಕ್ಕಿದ್ರೆ.

ಐರೋಲಿಯಲ್ಲಿ ಕೆಲಸ ಮಾಡೋ, ದಾವಣಗೆರೆ ಕಡೆಯ ಒಬ್ಬ ವೀಕ್ಷಕರು ಒಂದು ಬ್ರೋಷರ್ ಕಳಿಸಿದ್ದರು. ಠಾಕುರ್ಲಿ ಸ್ಟೇಷನ್ನಿಂದ ಆಟೋದಲ್ಲಿ ಹೋಗೋ ದೂರ. ‘ಟೌನ್‌ಹೋಮ್’ ಅಂತ ಹೆಸರು, ನಮ್ಮ ಭಾಷೆಯಲ್ಲಿ ರೋ ಹೌಸ್. ನೆಲಮಹಡಿ, ಮೇಲೆ ಇನ್ನೆರಡು. ಮುಂದೆ ಕಾರು ನಿಲ್ಲಿಸೋ ಜಾಗ, ಹಿಂದೆ ತುಳಸಿಕಟ್ಟೆ ಇಡೋವಷ್ಟು ಅಂಗಳ. ಅಪ್ಪ ಅಮ್ಮನ್ನ ಊರಿಂದ ಕರೆಸ್ಕೋಬೇಕು, ಅವರಿಗೆ ಲಿಫ್ಟು ಆಗಿಬರಲ್ಲ, ಕಾಲು ನೆಲದ ಮೇಲೆ ಇರ್ಬೇಕು, ಅದಕ್ಕೇ ಇದು ಅಂತ ಬರೆದಿದ್ರು. ಊರಿನ ಸೈಟು ಮಾರಿ ಮುಂಗಡ ಕಟ್ಟೋ ಯೋಚನೆ. ಕೊನೆಗೆ ಒಂದೇ ಸಾಲು: ‘ರೇರಾ ನಂಬರ್ ಇದೆ ಸರ್, ಸೇಫಾ?’

ಆ ಸ್ಕೀಮು ಒಳ್ಳೇದೋ ಕೆಟ್ಟದ್ದೋ ಅಂತ ಹೇಳೋಕೆ ನಾನು ವಕೀಲ ಅಲ್ಲ, ಎಂಜಿನಿಯರೂ ಅಲ್ಲ (ಸಾಫ್ಟ್‌ವೇರ್ ಎಂಜಿನಿಯರ್ ಲೆಕ್ಕಕ್ಕಿಲ್ಲ). ಆದ್ರೆ ಒಂದು ವಿಷಯ ಹೇಳಬಲ್ಲೆ. ಇದೇ ಕಲ್ಯಾಣ-ಡೊಂಬಿವಲಿ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 65 ಕಟ್ಟಡಗಳಿಗೆ ರೇರಾ ನಂಬರ್ ಇತ್ತು. ಬ್ಯಾಂಕ್ ಸಾಲವೂ ಸಿಕ್ಕಿತ್ತು. ಜನ ಗೃಹಪ್ರವೇಶ ಮಾಡಿ, ಹಾಲುಕ್ಕಿಸಿ ಒಳಗೆ ಬಂದಾಗಿತ್ತು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅವನ್ನೆಲ್ಲ ಮೂರು ತಿಂಗಳಲ್ಲಿ ಕೆಡವಿ ಅಂತು. ಅದು ಹೇಗೆ ಆಯ್ತು ಅಂತ ಗೊತ್ತಾಗ್ಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಮೊದಲು ನೆಲದ ವಿಷಯ. 1853ರ ಏಪ್ರಿಲ್ 16ಕ್ಕೆ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯ್ತು, ಇದು ಎಲ್ಲರಿಗೂ ಗೊತ್ತು. ಮರುವರ್ಷ, 1854ರ ಮೇ ತಿಂಗಳಲ್ಲಿ ಹಳಿ ಕಲ್ಯಾಣ ಮುಟ್ಟಿತು. ಅಂದ್ರೆ ಇವತ್ತು ನಾವು ನೇತಾಡ್ಕೊಂಡು ಹೋಗೋ ಈ ದಾರಿ ದೇಶದ ಅತ್ಯಂತ ಹಳೆಯ ಹಳಿಗಳಲ್ಲಿ ಒಂದು. (ಈ ಕಲ್ಯಾಣ ಬೇರೆ, ನಮ್ಮ ಬಸವಕಲ್ಯಾಣ ಬೇರೆ. ಊರಿಂದ ಬಂದ ನೆಂಟರು ಒಬ್ಬರಾದ್ರೂ ಇದನ್ನ ಕೇಳೇ ಕೇಳ್ತಾರೆ. ಆದರೆ ಈ ಕಲ್ಯಾಣದ ಸೀಮೆಯನ್ನ ಆಳಿದ ಶಿಲಾಹಾರರು ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದೋರು, ಅಷ್ಟು ನಂಟು ಇದೆ.) ಕಲ್ಯಾಣ ಜಂಕ್ಷನ್ ಆಯ್ತು, ಡೊಂಬಿವಲಿ ಊರಾಯ್ತು, ನಡುವೆ ಇರೋ ಠಾಕುರ್ಲಿ ಮಾತ್ರ ಬಹಳ ಕಾಲ ರೈಲ್ವೆಯ ಹಿತ್ತಲಿನ ಥರ ಉಳೀತು.

ಅದಕ್ಕೆ ಕಾರಣ ಕರೆಂಟು. 1925ರ ಫೆಬ್ರವರಿ 3ಕ್ಕೆ ವಿಟಿ-ಕುರ್ಲಾ ನಡುವೆ ಮೊದಲ ವಿದ್ಯುತ್ ರೈಲು ಓಡಿತು. ಅಲ್ಲಿಂದ ಮುಂದೆ ಘಾಟ್ ಹತ್ತಿಸಿ ಪುಣೆ ಮತ್ತು ಇಗತ್‌ಪುರಿ ಕಡೆಗೆ ವಿದ್ಯುತ್ ಎಳೆಯೋಕೆ ಜಿಐಪಿ ರೈಲ್ವೆ ತನ್ನದೇ ವಿದ್ಯುತ್ ಸ್ಥಾವರ ಕಟ್ಟಿತು. ಅದೇ 1929ರ ಚೋಳಾ ಪವರ್ ಹೌಸ್. ಚೋಳ ರಾಜರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಇಲ್ಲಿನ ಹಳ್ಳಿ ಹೆಸರು ಚೋಳೆ. 1980ರ ದಶಕದಲ್ಲಿ ಅದು ನಿಂತುಹೋಯ್ತು. ಅಷ್ಟರೊಳಗೆ ಹಳಿಯ ಅಕ್ಕಪಕ್ಕ ರೈಲ್ವೆ ಚಾಳುಗಳು, ಕಾಲೊನಿ, ಸಾಹೇಬರಿಗೆ ಬಾರಾ ಬಂಗ್ಲಾ ಎಲ್ಲ ಎದ್ದಿದ್ದವು. ಸುತ್ತ ಚೋಳೆ, ಕಂಚನ್‌ಗಾವ್, ಖಂಬಾಳ್‌ಪಾಡಾ ಅನ್ನೋ ಹಳ್ಳಿಗಳು, ಅವುಗಳ ಗದ್ದೆ. ನಮ್ಮವರಿಗೆ ಖಂಬಾಳ್‌ಪಾಡಾ ಅಂದ್ರೆ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ನೆನಪಾಗುತ್ತೆ. ಈಗ 90 ಅಡಿ ರಸ್ತೆಯ ಎರಡೂ ಬದಿ ಟವರು.

ಹಾಗಾಗಿ ಠಾಕುರ್ಲಿಯ ಯಾವ ತುಂಡು ನೆಲ ತಗೊಂಡ್ರೂ ಅದರ ಹಿಂದೆ ಮೂರು ಥರದ ದಾಖಲೆ ಇರೋ ಸಾಧ್ಯತೆ ಇದೆ: ರೈಲ್ವೆ ಜಾಗ, ಗಾವ್‌ಠಾಣ ಅಂದ್ರೆ ನಮ್ಮ ಗ್ರಾಮಠಾಣಾ, ಮತ್ತೆ ಸಾತ್‌ಬಾರಾದಲ್ಲಿರೋ ಹೊಲ. ಸಾತ್‌ಬಾರಾ ಅಂದ್ರೆ ಗಾಬರಿ ಬೇಡ, ಅದು ನಮ್ಮ ಪಹಣಿ. 7ನೇ ನಮೂನೆ, 12ನೇ ನಮೂನೆ ಸೇರಿಸಿ ಸಾತ್‌ಬಾರಾ. ಫೇರ್‌ಫಾರ್ ಅಂದ್ರೆ ಮ್ಯುಟೇಶನ್. ಮೋಜಣಿ ಅಂದ್ರೆ ಮೋಜಿಣಿ, ಹದ್ದುಬಸ್ತು. ಎನ್‌ಎ ಅಂದ್ರೆ ಕನ್ವರ್ಷನ್. ಊರಲ್ಲಿ ಅಪ್ಪ ತಾಲೂಕು ಕಚೇರಿ ಅಲೆದದ್ದನ್ನ ನೋಡಿದವರಿಗೆ ಮರಾಠಿ ಕಾಗದ ಅರ್ಧ ಹಾಗೇ ಅರ್ಥ ಆಗುತ್ತೆ.

ಈಗ ‘ಪರ್ಮಿಷನ್’ ಅನ್ನೋದು ಎಲ್ಲಿಂದ ಬಂತು? ಪ್ಲೇಗಿನಿಂದ ಬಂತು. 1896ರಲ್ಲಿ ಮುಂಬೈಗೆ ಪ್ಲೇಗ್ ಬಡೀತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಲಕ್ಷಗಟ್ಟಲೆ ಜನ ಊರು ಬಿಟ್ಟರು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಪ್ಲೇಗ್ ಬೆಂಗಳೂರಿಗೂ ಬಂತು. ನಮ್ಮ ಬಸವನಗುಡಿ, ಮಲ್ಲೇಶ್ವರ ಅಷ್ಟು ನೇರ ರಸ್ತೆ, ಹಿಂದೊಂದು ಸಣ್ಣ ಓಣಿ ಇಟ್ಕೊಂಡು ಬೆಳೆದದ್ದು ಆ ಭಯದಲ್ಲೇ. ಟ್ರಸ್ಟಿನವರು ಮುಂಬೈಯಲ್ಲಿ ಒಂದು ವಿಚಿತ್ರ ನಿಯಮ ತಂದರು, 63.5 ಡಿಗ್ರಿ ನಿಯಮ. ನಿಮ್ಮ ಕಿಟಕಿಗೂ ಎದುರಿನ ಕಟ್ಟಡದ ತುದಿಗೂ ಗೆರೆ ಎಳೆದ್ರೆ ಆ ಕೋನ ಇಷ್ಟನ್ನ ಮೀರಬಾರದು, ಮೀರಿದ್ರೆ ಕೆಳಗಿನ ಮನೆಗೆ ಬೆಳಕು ಬೀಳಲ್ಲ. ಎತ್ತರ ಕಟ್ಟಬೇಕಾ, ಅಷ್ಟು ಜಾಗ ಬಿಡು. ಇವತ್ತು ನಕ್ಷೆಯಲ್ಲಿ ‘ಸೈಡ್ ಮಾರ್ಜಿನ್’ ಅಂತ ಬರೆದಿರ್ತಾರಲ್ಲ, ಬಿಲ್ಡರು ಅರ್ಧ ಅಡಿ ನುಂಗೋಕೆ ನೋಡ್ತಾರಲ್ಲ, ಅದರ ಅಜ್ಜ ಇವನು.

ಆ ಟ್ರಸ್ಟ್ ಮಾಡಿದ ದೊಡ್ಡ ಬಡಾವಣೆಗಳಲ್ಲಿ ಒಂದು ದಾದರ್-ಮಾಟುಂಗಾ. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟುಗಳು ಅಲ್ಲಿ ಬಾಡಿಗೆ ಹಿಡಿದರು. ಮೈಸೂರು ಅಸೋಸಿಯೇಷನ್ ಇರೋದೂ ಅಲ್ಲೇ. ನಮ್ಮಜ್ಜನ ಕಾಲದ ‘ಐಟಿ ವಲಸಿಗರು’ ಅಂದ್ರೆ ಅವರೇ ಅಂತ ನನಗೆ ಅನ್ನಿಸುತ್ತೆ. ಅವರಿಗೆ ಯಾರೋ ಮೊದಲೇ ರಸ್ತೆ, ಚರಂಡಿ, ಮೈದಾನ ಎಳೆದಿಟ್ಟಿದ್ದರು. ನಾವು ಡೊಂಬಿವಲಿಗೆ ಬಂದಾಗ ಮನೆ ಮೊದಲು, ರಸ್ತೆ ಆಮೇಲೆ.

1915ರಲ್ಲಿ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆ ಬಂತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಇದೇ ಪ್ರಾಂತದಲ್ಲಿದ್ದವು, ಹಾಗಾಗಿ ನಮ್ಮ ಉತ್ತರ ಕರ್ನಾಟಕದವರಿಗೂ ಇದೇ ಕಾನೂನು. ಆಮೇಲೆ 1954ರದ್ದು. ರಾಜ್ಯ ಬೇರೆ ಆದ ಮೇಲೆ ನಮ್ಮದು 1961ರ ಕರ್ನಾಟಕ ಕಾಯ್ದೆ ಆಯ್ತು, ಮಹಾರಾಷ್ಟ್ರದ್ದು 1966ರ ಎಂಆರ್‌ಟಿಪಿ ಕಾಯ್ದೆ. ಇವತ್ತಿಗೂ ಠಾಕುರ್ಲಿಯ ಪ್ರತಿ ಸೈಟಿನ ಹಣೆಬರಹ ಬರೆಯೋದು ಇದೇ.

ಅದರ ಲೆಕ್ಕ ಸರಳ. ಮೊದಲು ಇಡೀ ಊರಿಗೆ ಅಭಿವೃದ್ಧಿ ಯೋಜನೆ, ಎಲ್ಲರೂ ಡಿಪಿ ಅಂತಾರೆ. ಎಲ್ಲಿ ವಾಸ, ಎಲ್ಲಿ ಕಾರ್ಖಾನೆ, ಎಲ್ಲಿ ಶಾಲೆಗೆ ಮೀಸಲು, ಎಲ್ಲಿ ರಸ್ತೆ ಬರ್ಬೇಕು ಅಂತ ಬಣ್ಣ ಹಚ್ಚಿದ ನಕ್ಷೆ. ಅದರ ಕರಡು ಪ್ರಕಟ ಆದಾಗ ಜನ ಆಕ್ಷೇಪಣೆ ಹಾಕಬಹುದು, ವಿಚಾರಣೆ ಇರುತ್ತೆ. ಅದಾದ ಮೇಲೆ ಒಂದೊಂದು ಸೈಟಿಗೆ ಬಿಡಿಬಿಡಿಯಾಗಿ ಅರ್ಜಿ, ಪರಿಶೀಲನೆ, ಅನುಮತಿ. ಕಟ್ಟೋಕೆ ಶುರು ಮಾಡೋ ಮುಂಚೆ ಸಿಗಬೇಕಾದ ಕಾಗದಕ್ಕೆ ಕಾಮೆನ್ಸ್‌ಮೆಂಟ್ ಸರ್ಟಿಫಿಕೇಟ್, ಸಿಸಿ ಅಂತ ಹೆಸರು. ಅಮೆರಿಕಾದಲ್ಲಿದ್ದು ಬಂದವರು ನೋಡಿರ್ತೀರಿ, ಅಲ್ಲಿ ಎಷ್ಟೋ ಊರುಗಳಲ್ಲಿ ಹತ್ತು ಟೌನ್‌ಹೋಮ್ ಕಟ್ಟೋದಕ್ಕೂ ಸೈಟಿನ ಮುಂದೆ ನೋಟಿಸ್ ಬೋರ್ಡ್ ನೆಡ್ತಾರೆ, ಪ್ಲಾನಿಂಗ್ ಕಮಿಷನ್ ಮುಂದೆ ಅಕ್ಕಪಕ್ಕದವರು ಹೋಗಿ ಟ್ರಾಫಿಕ್ ಆಗುತ್ತೆ, ನೆರಳು ಬೀಳುತ್ತೆ ಅಂತ ಮೈಕ್ ಹಿಡಿದು ಜಗಳ ಆಡ್ತಾರೆ. ಇಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಜನರ ಮಾತಿಗೆ ಜಾಗ ಇರೋದು ಡಿಪಿ ಹಂತದಲ್ಲಿ. ಆಗ ನೀವು ಈ ಊರಿಗೇ ಬಂದಿರಲ್ಲ. ಸೈಟಿನ ಕಡತ ಅರ್ಜಿದಾರ, ಆರ್ಕಿಟೆಕ್ಟ್, ನಗರರಚನಾ ವಿಭಾಗ ಈ ಮೂವರ ನಡುವೆಯೇ ಓಡಾಡುತ್ತೆ. ಈ ಕತ್ತಲೆಯೇ ಮುಂದಿನ ಕಥೆಗೆಲ್ಲ ಮೂಲ ಅಂತ ನನ್ನ ಅಭಿಪ್ರಾಯ.

ಖಾರಿ ದಾಟಿದ್ರೆ ಬೇರೆ ಪ್ರಯೋಗ ನಡೀತಿತ್ತು. 1970ರಲ್ಲಿ ಸಿಡ್ಕೋ ಹುಟ್ಟಿತು, ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರು 1960ರ ದಶಕದಲ್ಲಿ ಕೊಟ್ಟ ಕಲ್ಪನೆಯಿಂದ ನವಿ ಮುಂಬೈ ಬಂತು. 95 ಹಳ್ಳಿಗಳ ನೆಲ ಸರ್ಕಾರವೇ ತಗೊಂಡು, ಮೊದಲು ನಕ್ಷೆ, ಆಮೇಲೆ ಮನೆ. ಮೇಲ್ನೋಟಕ್ಕೆ ಚಂದ. ಆದ್ರೆ ನೆಲ ಕೊಟ್ಟವರಿಗೆ ಸಿಕ್ಕ ಬೆಲೆ ಬಹಳ ಕಡಿಮೆ. 1984ರ ಜನವರಿಯಲ್ಲಿ ಜಾಸಾಯಿ ಹತ್ತಿರ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿ ಐದು ಜನ ಸತ್ತರು. ಡಿ. ಬಿ. ಪಾಟೀಲರು ನಡೆಸಿದ ಆ ಹೋರಾಟದಿಂದಲೇ ಮುಂದೆ, ಕಳೆದುಕೊಂಡ ನೆಲದ 12.5 ಶೇಕಡಾ ಅಭಿವೃದ್ಧಿಪಡಿಸಿದ ಜಾಗವಾಗಿ ವಾಪಸ್ ಕೊಡೋ ಯೋಜನೆ ಬಂತು. ಘನ್ಸೋಲಿ, ಕೋಪರ್‌ಖೈರಣೆಯಲ್ಲಿ ‘ಸಾಡೇಬಾರಾ ಟಕ್ಕೆ’ ಪ್ಲಾಟು ಅಂತ ಏಜೆಂಟ್ ಹೇಳ್ತಾನಲ್ಲ, ಆ ಮಾತಿನ ಹಿಂದೆ ಐದು ಹೆಣ ಇವೆ.

ರೋ ಹೌಸ್ ಬೇಕು ಅನ್ನೋವರು ಒಂದು ಭಾನುವಾರ ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್ ನೋಡ್ಕೊಂಡು ಬನ್ನಿ. 1980ರ ದಶಕದ ಮಧ್ಯದಲ್ಲಿ ಕೊರಿಯಾ ಮಾಡಿದ್ದು, ಸುಮಾರು 5.4 ಹೆಕ್ಟೇರಿನಲ್ಲಿ 550 ಕುಟುಂಬ. ಪ್ಲಾಟು ಬರೀ 45ರಿಂದ 75 ಚದರ ಮೀಟರ್. ಏಳು ಮನೆಗೆ ಒಂದು ಅಂಗಳ, ಅಂಥ ಮೂರು ಗುಂಪಿಗೆ ಇನ್ನೊಂದು ದೊಡ್ಡ ಅಂಗಳ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಪಕ್ಕದ ಮನೆಯ ಜೊತೆ ಗೋಡೆ ಹಂಚಿಕೊಳ್ಳೋದಿಲ್ಲ. ಯಾಕೆ? ನಾಳೆ ಮಗನ ಮದುವೆ ಆಗಿ ಮೇಲೊಂದು ಕೋಣೆ ಬೇಕು ಅಂದ್ರೆ ಪಕ್ಕದವರನ್ನ ಕೇಳದೆ ಕಟ್ಟಬಹುದು. ಈಗ ಹೋಗಿ ನೋಡಿದ್ರೆ ಎಷ್ಟೋ ಮನೆಗಳು ಗುರುತೇ ಸಿಗದಷ್ಟು ಬೆಳೆದಿವೆ, ಕೆಲವು ಒಡೆದು ಕಾಂಕ್ರೀಟ್ ಡಬ್ಬಿ ಆಗಿವೆ. ಇವತ್ತಿನ ‘ಟೌನ್‌ಹೋಮ್’ಗಳಲ್ಲಿ ಸಾಮಾನ್ಯವಾಗಿ ಗೋಡೆ ಎರಡೂ ಮನೆಗೆ ಒಂದೇ. ನೆಲ ನಿಮ್ಮ ಹೆಸರಿಗೆ ಪ್ಲಾಟಾಗಿ ಬರುತ್ತಾ, ಇಲ್ಲ ಸೊಸೈಟಿಯ ಅವಿಭಾಜ್ಯ ಪಾಲಾ, ತಾರಸಿ ಯಾರದ್ದು, ಇದನ್ನ ಸೇಲ್ಸ್ ಹುಡುಗನ ಬಾಯಲ್ಲಿ ಅಲ್ಲ, ಅಗ್ರಿಮೆಂಟಿನಲ್ಲಿ ನೋಡಿ.

ಮತ್ತೆ ಈಚೆ ದಡಕ್ಕೆ. 1983ರ ಅಕ್ಟೋಬರಿನಲ್ಲಿ ಕಲ್ಯಾಣ ಪಾಲಿಕೆ ಆಯ್ತು, ಠಾಕುರ್ಲಿ ಅದರೊಳಗೆ ಬಂತು. ಇಲ್ಲಿ ಸಿಡ್ಕೋ ಥರ ನೆಲ ಸರ್ಕಾರದ ಕೈಲಿ ಇರಲಿಲ್ಲ. ಗದ್ದೆಯ ಒಡೆಯನೇ ಅರ್ಧ ಬಿಲ್ಡರ್. ಡಿಪಿಯಲ್ಲಿ ಮೈದಾನ ಅಂತ ಮೀಸಲಿಟ್ಟ ಜಾಗವನ್ನ ಪಾಲಿಕೆ ದುಡ್ಡಿಲ್ಲ ಅಂತ ವರ್ಷಗಟ್ಟಲೆ ತಗೊಳ್ಳಲ್ಲ. ಅಷ್ಟರೊಳಗೆ ಅದರ ಮೇಲೆ ನಾಲ್ಕು ಮಹಡಿ ಏಳುತ್ತೆ. ಪಕ್ಕದ 27 ಹಳ್ಳಿಗಳ ಕಥೆ ಇನ್ನೂ ಗೋಜಲು. 1983ರಲ್ಲಿ ಪಾಲಿಕೆಗೆ ಸೇರಿದವು, 2002ರಲ್ಲಿ ಹೊರಗೆ ಹೋದವು, 2015ರಲ್ಲಿ ಮತ್ತೆ ಒಳಗೆ ಬಂದವು. ನಡುವಿನ ಆ ವರ್ಷಗಳಲ್ಲಿ ‘ಗ್ರಾಮ ಪಂಚಾಯ್ತಿ ಪರ್ಮಿಷನ್’ ಅನ್ನೋ ಕಾಗದ ಹಿಡಿದು ನಾಂದಿವಲಿ, ಭೋಪರ್ ಕಡೆ ಎಷ್ಟು ಕಟ್ಟಡ ಎದ್ದವು ಅಂತ ಓಡಾಡಿದವರಿಗೆ ಗೊತ್ತು. ಬೆಂಗಳೂರಲ್ಲಿ ಕಂದಾಯ ಸೈಟು ತಗೊಂಡು ಬಿ-ಖಾತಾದಲ್ಲಿ ಕೂತವರಿಗೆ ಇದೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅಕ್ರಮ-ಸಕ್ರಮ ಅಂದ್ರು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಇಲ್ಲಿ ಐರೋಲಿ ಪಕ್ಕದ ದಿಘಾದ ಅಕ್ರಮ ಕಟ್ಟಡಗಳ ಗಲಾಟೆ ಆದ ಮೇಲೆ, 2015ರ ಡಿಸೆಂಬರ್ 31ರ ತನಕ ಕಟ್ಟಿದ್ದನ್ನ ಸಕ್ರಮ ಮಾಡೋಕೆ ಅಂತ 2017ರಲ್ಲಿ ಕಾಯ್ದೆಗೆ 52ಎ ಕಲಂ ಸೇರಿಸಿದರು. ಎರಡು ರಾಜ್ಯ, ಒಂದೇ ಬುದ್ಧಿ.

ಅಕ್ರಮ ಎಷ್ಟು ಅಂತ ಲೆಕ್ಕ ಹಾಕೋಕೆ ಹೈಕೋರ್ಟಿನ ಆದೇಶದಂತೆ ಅಗ್ಯಾರ್ ಸಮಿತಿ ಕೂತಿತ್ತು. ಈ ಒಂದೇ ಪಾಲಿಕೆಯಲ್ಲಿ 67 ಸಾವಿರಕ್ಕೂ ಮೀರಿದ ಅನಧಿಕೃತ ನಿರ್ಮಾಣ ಅಂತ ಲೆಕ್ಕ ಬಂತು.

ಬರೀ ಕಾಗದದ ಅಕ್ರಮ ಅಲ್ಲ ಇದು. 2013ರ ಏಪ್ರಿಲ್ 4ಕ್ಕೆ ಮುಂಬ್ರಾದ ಶೀಲ್ ಫಾಟಾದಲ್ಲಿ, ಯಾವ ಅನುಮತಿಯೂ ಇಲ್ಲದೆ ಕೆಲವೇ ವಾರಗಳಲ್ಲಿ ಎಬ್ಬಿಸಿದ್ದ ಕಟ್ಟಡ ಕುಸಿದು 74 ಜನ ಸತ್ತರು. 2015ರ ಜುಲೈ 28ರ ರಾತ್ರಿ, ಮಳೆಯಲ್ಲಿ, ನಮ್ಮ ಠಾಕುರ್ಲಿಯಲ್ಲೇ ಮಾತೃಛಾಯಾ ಅನ್ನೋ ಹಳೇ ಮೂರು ಮಹಡಿಯ ಕಟ್ಟಡ ಬಿತ್ತು. ಒಂಬತ್ತು ಜನ. ಅಪಾಯಕಾರಿ ಅಂತ ಗೊತ್ತಿದ್ರೂ ಜನ ಯಾಕೆ ಹೊರಗೆ ಬಂದಿರಲಿಲ್ಲ ಅಂತ ಟೀವಿಯವರು ಕೇಳ್ತಿದ್ರು. ಹೊರಗೆ ಬಂದ್ರೆ ವಾಪಸ್ ಜಾಗ ಸಿಗುತ್ತೆ ಅನ್ನೋ ನಂಬಿಕೆ ಇಲ್ಲದಿದ್ರೆ ಯಾರು ಬರ್ತಾರೆ, ಹೇಳಿ.

ಈಗ ಆ 65 ಕಟ್ಟಡ. ರೇರಾ ಕಾಯ್ದೆ 2016ರದ್ದು, 2017ರ ಮೇ 1ರಿಂದ ಪೂರ್ತಿ ಜಾರಿ. ನೋಂದಣಿಗೆ ಬಿಲ್ಡರು ಸಿಸಿ ಪ್ರತಿ ಹಾಕ್ಬೇಕು, ಜೊತೆಗೆ ಪ್ರಮಾಣಪತ್ರ. ಅರ್ಜಿ ಬಂದ 30 ದಿನದಲ್ಲಿ ಪ್ರಾಧಿಕಾರ ಒಪ್ಪಬೇಕು ಇಲ್ಲ ತಿರಸ್ಕರಿಸಬೇಕು, ಸುಮ್ಮನಿದ್ರೆ ನೋಂದಣಿ ಆಯ್ತು ಅಂತಲೇ ಕಾನೂನಿನ ಲೆಕ್ಕ. ಸಾಫ್ಟ್‌ವೇರಿನವರಿಗೆ ತಕ್ಷಣ ಹೊಳೆಯುತ್ತೆ: ಬಳಕೆದಾರ ಅಪ್‌ಲೋಡ್ ಮಾಡಿದ ಫೈಲನ್ನ ಮೂಲದ ಜೊತೆ ತಾಳೆ ನೋಡೋ ಹಂತವೇ ಇಲ್ಲ. ಅಲ್ಲೇ ಕನ್ನ ಬಿತ್ತು. ಪಾಲಿಕೆಯ ಹೆಸರಿನ ನಕಲಿ ಸಿಸಿ, ನಕಲಿ ಮೊಹರು ಮಾಡಿಸಿ ಮಹಾರೇರಾಗೆ ಹಾಕಿದರು. ನಂಬರ್ ಬಂತು. ನಂಬರ್ ನೋಡಿ ಜನ ನಂಬಿದರು, ಬ್ಯಾಂಕೂ ಸಾಲ ಕೊಡ್ತು. ಒಬ್ಬ ಆರ್ಕಿಟೆಕ್ಟ್ ಮಾಹಿತಿ ಹಕ್ಕಿನಲ್ಲಿ ಪಾಲಿಕೆಯನ್ನೇ ಕೇಳಿದಾಗ, ‘ಈ ಅನುಮತಿಗಳನ್ನ ನಾವು ಕೊಟ್ಟೇ ಇಲ್ಲ’ ಅನ್ನೋದು ಹೊರಗೆ ಬಂತು. ಅವರು 2022ರ ಹೊತ್ತಿಗೆ ಹೈಕೋರ್ಟಿಗೆ ಹೋದರು, ಪೊಲೀಸ್ ವಿಶೇಷ ತನಿಖಾ ತಂಡ ಆಯ್ತು, ಇಡಿ ಬಂತು, ಕೊನೆಗೆ ಕೆಡವೋ ಆದೇಶ. 2025ರ ಶುರುವಿನಲ್ಲಿ ಅಲ್ಲಿನ ಜನ ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಕಟ್ಟಿದವನು ದುಡ್ಡು ತಗೊಂಡು ಹೋದ, ಇಎಂಐ ಕಟ್ಟೋದು ಇವರು. ಹಗರಣ ಆದ ಮೇಲೆ ಪಾಲಿಕೆಗಳು ಸಿಸಿ, ಓಸಿಗಳನ್ನ ತಮ್ಮ ವೆಬ್‌ಸೈಟಿಗೆ ಹಾಕ್ಬೇಕು, ಮಹಾರೇರಾ ಅದರ ಜೊತೆ ತಾಳೆ ನೋಡ್ಬೇಕು ಅನ್ನೋ ವ್ಯವಸ್ಥೆ ಬಂತು. ಮೊದಲೇ ಇದ್ದಿದ್ರೆ ಅಂತ ಕೇಳಬೇಡಿ.

ಸರಿ, ದಾವಣಗೆರೆಯವರ ಸೈಟಿಗೆ ಬರೋಣ. ನಗರರಚನಾ ವಿಭಾಗದಲ್ಲಿ ಅಂಥ ಒಂದು ಕಡತ ಬಂದ್ರೆ ಏನು ನೋಡ್ಬೇಕು? 2020ರ ಡಿಸೆಂಬರಿನಿಂದ ಮುಂಬೈ ಬಿಟ್ಟು ರಾಜ್ಯದ ಬಹುಪಾಲು ಊರುಗಳಿಗೆ ಯುಡಿಸಿಪಿಆರ್ ಅನ್ನೋ ಒಂದೇ ನಿಯಮಾವಳಿ, ರೋ ಹೌಸೂ ಅದರೊಳಗೇ ಬರುತ್ತೆ. ಸಾತ್‌ಬಾರಾದಲ್ಲಿ ಎಲ್ಲ ವಾರಸುದಾರರ ಹೆಸರು ಇದೆಯಾ, ಅತ್ತೆಯರು ತಂಗಿಯರು ಬಿಟ್ಟುಹೋಗಿಲ್ಲ ತಾನೆ? ಡಿಪಿಯಲ್ಲಿ ವಲಯ ಯಾವುದು, ಮೀಸಲು ಇದೆಯಾ? ಬ್ರೋಷರಿನಲ್ಲಿ ಅಗಲವಾಗಿ ತೋರಿಸಿರೋ ರಸ್ತೆ ನೆಲದ ಮೇಲೆ ಇದೆಯಾ, ಡಿಪಿ ನಕ್ಷೆಯಲ್ಲಿ ಮಾತ್ರ ಇದೆಯಾ? ಫೈರ್ ಎಂಜಿನ್ ತಿರುಗುತ್ತಾ? ನೆಲ 4,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡದಾದ್ರೆ 10 ಶೇಕಡಾ ಬಯಲು ಬಿಡ್ಬೇಕು, ಅದು ನಿಜವಾದ ಬಯಲಾ ಅಥವಾ ಟ್ರಾನ್ಸ್‌ಫಾರ್ಮರ್ ಪಕ್ಕದ ಮೂಲೆಯಾ? ಠಾಕುರ್ಲಿ ಆದ್ದರಿಂದ ಇನ್ನೆರಡು. ರೈಲ್ವೆ ಗಡಿಯ ಹತ್ತಿರ ಆದ್ರೆ ರೈಲ್ವೆಯ ನಿರಾಕ್ಷೇಪಣೆ. ಉಲ್ಹಾಸ್ ಖಾರಿಯ ಕಡೆ ಆದ್ರೆ ಪ್ರವಾಹದ ಗೆರೆ: ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರೋ ನೆರೆಯದ್ದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರೋದ್ದು. 2005ರ ಜುಲೈ 26 ನೋಡಿದವರು ಯಾರಾದ್ರೂ ಅಲ್ಲಿ ಇದ್ರೆ ಅವರನ್ನ ಒಂದು ಮಾತು ಕೇಳಿ, ಯಾವ ಗೆರೆಗಿಂತಲೂ ಅವರ ಬೆರಳು ನೇರವಾಗಿ ತೋರಿಸುತ್ತೆ. ಇಷ್ಟೆಲ್ಲ ಆದ ಮೇಲೆ ಸಿಸಿ, ತಳಪಾಯ ಮುಗಿದಾಗ ಪಾಲಿಕೆಯವರ ತಪಾಸಣೆ, ಕೊನೆಗೆ ಓಸಿ.

ಇನ್ನೊಂದು ವಿಷಯ, ರೋ ಹೌಸ್ ತಗೊಳ್ಳೋರಿಗೆ ಮುಖ್ಯ. 500 ಚದರ ಮೀಟರ್ ಮೀರದ ಜಾಗ, ಅಥವಾ ಎಂಟು ಮನೆ ಮೀರದ ಸ್ಕೀಮು ಆದ್ರೆ ರೇರಾ ನೋಂದಣಿಯೇ ಕಡ್ಡಾಯ ಅಲ್ಲ. ಸಣ್ಣ ರೋ ಹೌಸ್ ಸ್ಕೀಮುಗಳು ಈ ಸಂದಿಯಲ್ಲೇ ನುಸುಳ್ತವೆ. ಒಂದೇ ನೆಲವನ್ನ ಎಂಟೆಂಟು ಮನೆ ಅಂತ ಕಾಗದದಲ್ಲಿ ತುಂಡು ಮಾಡಿದ್ದಾರಾ ಅಂತ ನೋಡಿ.

ನಾನು ಅವರಿಗೆ ಹೇಳಿದ್ದು ಇಷ್ಟು. ಬಿಲ್ಡರ್ ಕೊಟ್ಟ ಪಿಡಿಎಫ್ ಬೇಡ. ಸಿಸಿಯ ನಂಬರ್, ತಾರೀಕು, ಸರ್ವೆ ನಂಬರ್ ಈ ಮೂರನ್ನ ಬರ್ಕೊಳ್ಳಿ. ಪಾಲಿಕೆಯ ವೆಬ್‌ಸೈಟಿನಲ್ಲಿ ಹುಡುಕಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ನಗರರಚನಾ ವಿಭಾಗಕ್ಕೆ ಒಂದು ಅರ್ಜಿ: ಈ ಸಿಸಿ ನೀವೇ ಕೊಟ್ಟಿದ್ದಾ, ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಕೊಡಿ. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಮರಾಠಿಯಲ್ಲಿ ಬರೀಬೇಕು ಅಂತಿಲ್ಲ, ಇಂಗ್ಲಿಷಿನಲ್ಲೂ ಆಗುತ್ತೆ. ‘ಅಲ್ಲಿಯವರೆಗೆ ಆಫರ್ ಇರಲ್ಲ ಸರ್, ಬೇರೆಯವರು ಬುಕ್ ಮಾಡ್ತಾರೆ’ ಅಂತ ಸೇಲ್ಸ್‌ನವರು ಅಂದ್ರಂತೆ. ಮಾಡ್ಲಿ ಬಿಡಿ ಅಂದೆ. ಅವರು ಅರ್ಜಿ ಹಾಕಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ಊರಿನ ಸೈಟು ಸದ್ಯಕ್ಕೆ ಮಾರಿಲ್ಲ.

ಮುಂದಿನ ಸಲ ಆ 27 ಹಳ್ಳಿಗಳ ಬಗ್ಗೆಯೇ ಪೂರ್ತಿ ಮಾತಾಡ್ತೀನಿ. ನಿಮ್ಮ ಹತ್ತಿರ 2002ರಿಂದ 2015ರ ನಡುವಿನ ಪಂಚಾಯ್ತಿ ಅನುಮತಿ ಪತ್ರ ಇದ್ರೆ ಹೆಸರು, ಸರ್ವೆ ನಂಬರ್ ಮುಚ್ಚಿ ಫೋಟೋ ಕಳಿಸಿ, ಸಾಲು ಸಾಲಾಗಿ ಓದಿ ತೋರಿಸ್ತೀನಿ.